ಲಿನಕ್ಸ್ ತಂತ್ರಾಂಶಕ್ಕೆ ಯಾವ ಪೊಟ್ಟಣ?

ಲಿನಕ್ಸ್ ಗಣಕಕ್ಕೆ ‘ಸ್ಟೆಲ್ಲೇರಿಯಮ್’ ತಾರಾಲಯ ತಂತ್ರಾಂಶವನ್ನು ಅಳವಡಿಸಲು ಹೊರಟರೆ ಹಲವು ದಾರಿಗಳು ಎದುರಾಗುತ್ತವೆ. ಡೆಬಿಯನ್, ಫೆಡೋರಾ ಮುಂತಾದ ವಿತರಣೆಗಳು ತಾವೇ ಸಿದ್ಧಪಡಿಸುವ ಡೆಬ್, ಆರ್‌ಪಿಎಂ ಪೊಟ್ಟಣಗಳು ಹಳೆಯವು. ಈಗ ಆಪ್‌ಇಮೇಜ್, ಫ್ಲಾಟ್‌ಪ್ಯಾಕ್, ಸ್ನ್ಯಾಪ್ ಎಂಬ ಮೂರು ಹೊಸ ಬಗೆಗಳೂ ಇವೆ. ಇವುಗಳಲ್ಲಿ ಯಾವುದು ಮೇಲು?

ಹಳೆಯ ಪದ್ಧತಿಯಲ್ಲಿ ಅನೇಕ ತಂತ್ರಾಂಶಗಳು ಒಂದೇ ಲೈಬ್ರರಿ ಕಡತವನ್ನು ಹಂಚಿಕೊಳ್ಳುತ್ತವೆ. ಇದರಿಂದ ಜಾಗ ಉಳಿಯುತ್ತದೆ. ಆದರೆ ಒಂದಕ್ಕೆ ಅದರ ಹಳೆಯ ಆವೃತ್ತಿ, ಇನ್ನೊಂದಕ್ಕೆ ಹೊಸದು ಬೇಕಾದರೆ ತೊಡಕು. ಹೊಸ ಪೊಟ್ಟಣಗಳು ತಮಗೆ ಬೇಕಾದುದನ್ನು ಬಹುಮಟ್ಟಿಗೆ ತಾವೇ ಹೊತ್ತು ತರುತ್ತವೆ.

ಆಪ್‌ಇಮೇಜ್ ಒಂದೇ ಕಡತ. ಪೆನ್‌ಡ್ರೈವ್‌ನಲ್ಲಿ ಒಯ್ದು, ಚಾಲನೆಯ ಅನುಮತಿ ಕೊಟ್ಟರೆ ಸಾಕು. ಆದರೆ ತಂತ್ರಾಂಶವನ್ನು ಉಳಿದ ಕಡತಗಳಿಂದ ಪ್ರತ್ಯೇಕಿಸುವ ಬೇಲಿ ಇದರಲ್ಲಿ ತಾನಾಗಿ ಇಲ್ಲ. ಎಲ್ಲೆಡೆ ಓಡುತ್ತದೆಂಬ ಮಾತೂ ಪೂರ್ಣ ನಿಜವಲ್ಲ: 2022ರ ಉಬುಂಟು 22.04ರಲ್ಲಿ ಅನೇಕ ಆಪ್‌ಇಮೇಜ್‌ಗಳಿಗೆ ಫ್ಯೂಸ್ 2 ಲೈಬ್ರರಿಯನ್ನು ಬೇರೆಯಾಗಿ ಹಾಕಬೇಕಾಯಿತು.

2018ರಲ್ಲಿ 1.0 ಆವೃತ್ತಿ ತಲುಪಿದ ಫ್ಲಾಟ್‌ಪ್ಯಾಕ್ ಬೇಲಿಯನ್ನು ಒದಗಿಸುತ್ತದೆ. ಸಾಮಾನ್ಯ ಲೈಬ್ರರಿಗಳ ಒಂದು ತಳಹದಿಯನ್ನು ಹಲವು ತಂತ್ರಾಂಶಗಳು ಹಂಚಿಕೊಳ್ಳುವುದರಿಂದ ಮೊದಲನೆಯದನ್ನು ಇಳಿಸಿಕೊಳ್ಳುವಾಗ ಮಾತ್ರ ಹೊರೆ ಹೆಚ್ಚು. ಇದರ ದೋಷ ಬೇರೆ. ಕೆಲವು ತಂತ್ರಾಂಶಗಳು ನಿಮ್ಮ ಹೋಮ್ ಕೋಶಕ್ಕೆ ಪೂರ್ಣ ಪ್ರವೇಶ ಪಡೆದಿರುತ್ತವೆ. ಆಗ ಬೇಲಿ ಇದ್ದೂ ಇಲ್ಲದಂತೆ.

ಸ್ನ್ಯಾಪ್ ಸರ್ವರ್ ತಂತ್ರಾಂಶಗಳಿಗೂ ಒಗ್ಗುತ್ತದೆ. ಅದು ಅದರ ಹೆಚ್ಚುಗಾರಿಕೆ. ನನ್ನ ಆಕ್ಷೇಪ ತಂತ್ರದ ಬಗ್ಗೆ ಅಲ್ಲ, ಹಿಡಿತದ ಬಗ್ಗೆ. ಅದು ಸಾಮಾನ್ಯವಾಗಿ ಕೆನಾನಿಕಲ್ ಸಂಸ್ಥೆಯ ಒಂದೇ ಭಂಡಾರವನ್ನು ಅವಲಂಬಿಸಿದೆ. ಆ ಭಂಡಾರದ ಸರ್ವರ್ ಸಂಕೇತ ಮುಕ್ತವಲ್ಲ. ಫ್ಲಾಟ್‌ಪ್ಯಾಕ್ ಭಂಡಾರವನ್ನಾದರೆ ಯಾರೂ ತೆರೆಯಬಹುದು. 2020ರ ಉಬುಂಟು 20.04ರಲ್ಲಿ ಕ್ರೋಮಿಯಮ್‌ನ ಡೆಬ್ ಪೊಟ್ಟಣ ಕೇಳಿದವರಿಗೂ ಸ್ನ್ಯಾಪ್ ದೊರೆಯಿತು. ಕೇಳಿದ್ದೊಂದು, ಬಂದದ್ದು ಇನ್ನೊಂದು! ಇದನ್ನು ಒಪ್ಪದ ಲಿನಕ್ಸ್ ಮಿಂಟ್ ಅದೇ ವರ್ಷ ತನ್ನ 20ನೇ ಆವೃತ್ತಿಯಲ್ಲಿ ಸ್ನ್ಯಾಪ್ ತಾನಾಗಿ ಒಳಬರದಂತೆ ತಡೆಯಿತು.

ಮುಕ್ತ ತಂತ್ರಾಂಶವನ್ನು ಬೋಧಿಸುವ ನಮಗೆ ಇದು ಸಣ್ಣ ಸಂಗತಿಯಲ್ಲ. ತಂತ್ರಾಂಶದ ಸಂಕೇತ ತೆರೆದಿದ್ದು, ಅದು ಬರುವ ಬಾಗಿಲು ಒಬ್ಬರ ಕೈಯಲ್ಲಿದ್ದರೆ ಸ್ವಾತಂತ್ರ್ಯ ಅರ್ಧವಷ್ಟೆ.

ಆದ್ದರಿಂದ ಶಾಲಾ ಪ್ರಯೋಗಾಲಯಕ್ಕೆ ಮೊದಲು ವಿತರಣೆಯ ಪೊಟ್ಟಣವನ್ನೇ ನೋಡಿ. ಹೊಸ ಆವೃತ್ತಿ ಬೇಕಿದ್ದರೆ ಫ್ಲಾಟ್‌ಪ್ಯಾಕ್ ಆರಿಸಿ, ಅದರ ಅನುಮತಿಗಳನ್ನು ಪರಿಶೀಲಿಸಿ. ಅಂತರಜಾಲವಿಲ್ಲದೆಡೆ, ತಯಾರಕರ ತಾಣದಿಂದಲೇ ಪಡೆದ ಆಪ್‌ಇಮೇಜ್ ಉಪಯುಕ್ತ. ಯಾವುದು ಬೇಗ ತೆರೆಯುತ್ತದೆ, ಎಷ್ಟು ಜಾಗ ಹಿಡಿಯುತ್ತದೆ ಎಂಬುದನ್ನು ವಿದ್ಯಾರ್ಥಿಗಳೇ ಅಳೆದು ಪಟ್ಟಿ ಮಾಡಲಿ.