ತಲೆಯೆತ್ತಿ ನೋಡಬೇಕಾದ ಮುಖ

ಸೋಮನನ್ನು, ಅಂದರೆ ಸೋಮನ ಕುಣಿತದ ಮರದ ಮುಖವಾಡವನ್ನು, ನೋಡಬೇಕಾದರೆ ನೆಲದ ಮೇಲೆ ಕೂರಬೇಕು. ಇದು ನನಗೆ ಹೊಳೆದದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ, ಜಯಲಕ್ಷ್ಮೀವಿಲಾಸದ ಜಾನಪದ ವಸ್ತುಸಂಗ್ರಹಾಲಯದಲ್ಲಿ. ಎದುರು ನಿಂತು ನೋಡಿದಷ್ಟು ಹೊತ್ತೂ ಮೀಸೆ, ಉಬ್ಬುಗಣ್ಣು, ಬಣ್ಣ ಎಲ್ಲ ಬಿಡಿಬಿಡಿಯಾಗಿಯೇ ಕಂಡವು. ಕಾಲು ಸೋತು ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತೆ. ತಲೆಯೆತ್ತಿದರೆ ಅದೇ ಮುಖ ನನ್ನ ಮೇಲೆ ಬಾಗಿತ್ತು. ಹುಬ್ಬಿನಡಿ ನೆರಳು ತುಂಬಿ ಕಣ್ಣುಗುಡ್ಡೆ ಮುಂದಕ್ಕೆ ಬಂದಿತ್ತು. ತುಟಿಯಂಚಿನಲ್ಲಿ, ಅಷ್ಟು ಹೊತ್ತು ಕಾಣದಿದ್ದ ಸಣ್ಣ ನಗೆಯೊಂದಿತ್ತು.

ಹೊಸದುರ್ಗದಿಂದ ತೆಂಕಲಿಗೆ, ತುಮಕೂರು ಸೀಮೆಗೆ ತಾಗಿದ ಊರುಗಳ ಕಡೆ ಹುಡುಗನಾಗಿದ್ದಾಗ ನಾನು ಕಂಡದ್ದು ಈ ಮುಖವನ್ನೇ. ಯುಗಾದಿ ಕಳೆದ ಮೇಲೆ ಅಮ್ಮನ ಜಾತ್ರೆ. ಡೋಣು, ಮೌರಿ, ಸದ್ದೆ ವಾದ್ಯಗಳ ನಡುವೆ ಸೋಮ ಬರುತ್ತಿದ್ದ. ತಲೆಯ ಮೇಲೆ ಛತ್ರಿಯಂತೆ ಬಿಚ್ಚಿಕೊಂಡ ಬಣ್ಣದ ಬಟ್ಟೆ, ಕೈಯಲ್ಲಿ ಬೆತ್ತ, ನವಿಲುಗರಿ, ಬೇವಿನ ಸೊಪ್ಪು. ಆತ ಗ್ರಾಮದೇವತೆಯ ಕಾವಲಿನವನು. ಕೆಂಪು ಸೋಮ ಸೌಮ್ಯ, ಹಳದಿ, ಕಪ್ಪು ಸೋಮಗಳು ಉಗ್ರ ಎನ್ನುವವರುಂಟು. ಊರು ಬದಲಾದರೆ ಲೆಕ್ಕವೂ ಬದಲಾಗುತ್ತದೆ. ನನಗೆ ನೆನಪಿರುವುದು ಬೆಳಕು. ಪಂಜು ಹಿಡಿದವರು ಕೆಳಗಿರುತ್ತಿದ್ದರು, ಮುಖ ಮೇಲಿರುತ್ತಿತ್ತು. ಹೆಜ್ಜೆ ಹಾಕಿದಂತೆಲ್ಲ ಮೂಗಿನ ನೆರಳು ಹಣೆಗೆ ಏರಿ ಇಳಿಯುತ್ತಿತ್ತು, ಮರದ ಮುಖಕ್ಕೆ ಉಸಿರು ಬಂದಂತೆ. ಮರ ಕಡೆದ ಆಚಾರಿಗೆ ಈ ಬೆಳಕೂ ಗೊತ್ತಿತ್ತು, ಮಣ್ಣಿನಲ್ಲಿ ಕೂತು ನೋಡುವ ನಾವೂ ಗೊತ್ತಿದ್ದೆವು. ಹೊಳ್ಳೆಗಳನ್ನು ಅಷ್ಟು ಅಗಲ ಬಿಟ್ಟದ್ದು, ಕಣ್ಣನ್ನು ಅಷ್ಟು ಹೊರಗೆ ತಂದದ್ದು ಅದಕ್ಕೇ ಎಂದು ಈಗ ಅನ್ನಿಸುತ್ತದೆ.

ಅದೇ ಜಾತ್ರೆಗಳಲ್ಲಿ ಬಿದಿರ ದಬ್ಬೆಯ ಗಾರುಡಿ ಗೊಂಬೆಗಳೂ ಬರುತ್ತಿದ್ದವು. ಅವು ಚೆಂದ, ನಗಿಸುತ್ತವೆ. ಸೋಮ ಬೇರೆ. ವೆನಿಸ್ಸಿನ ಕಾರ್ನಿವಲ್ಲಿನಲ್ಲಿ ಮುಖವಾಡ ತೊಟ್ಟವರು ತಮ್ಮ ಗುರುತು ಮರೆಸಿ ಮನಬಂದಂತೆ ಓಡಾಡಿದರು. ಇಲ್ಲಿ ತೊಟ್ಟವನ ಮೇಲೆ ಇನ್ನೊಬ್ಬರ ಭಾರ ಬೀಳುತ್ತದೆ.

ಹಾಗಿರುವುದನ್ನು ಸಂಗ್ರಹಿಸುವುದು ಹೇಗೆ? ಮುಕ್ಕಾದ ದೇವರನ್ನು ನೀರಿಗೆ ಬಿಡುವುದು ನಮ್ಮಲ್ಲಿ ರೂಢಿ. ಹಳತು ಉಳಿಯಬೇಕಾದರೆ ಊರವರು ಮನಸ್ಸು ಮಾಡಿ ಕೊಡಬೇಕು. ಮೈಸೂರಿನ ಈ ಸಂಗ್ರಹದ ಹಿಂದೆ ನಮ್ಮ ಕಡೆಯ, ಹಿರಿಯೂರು ತಾಲ್ಲೂಕು ಹರ್ತಿಕೋಟೆಯ ಪಿ.ಆರ್. ತಿಪ್ಪೇಸ್ವಾಮಿಯವರ ದುಡಿಮೆಯಿದೆ ಎಂಬುದು ನನಗೆ ಬಲು ಹೆಮ್ಮೆ. 1922ರಲ್ಲಿ ಹುಟ್ಟಿದ ಅವರು ಚಿತ್ರಕಲಾವಿದರು. 1968ರಲ್ಲಿ ಶುರುವಾದ ಸಂಗ್ರಹಾಲಯವನ್ನು ಸಾಹಿತಿ ದೇಜಗೌ, ಜಾನಪದ ವಿದ್ವಾಂಸ ಜೀಶಂಪ ಅವರೊಂದಿಗೆ ಬೆಳೆಸಿದರು. ಬಣ್ಣದ ಕೆಲಸ ಬಲ್ಲ ಕಣ್ಣು, ಜಾತ್ರೆಯ ಧೂಳು ಕುಡಿದು ಬೆಳೆದ ಕಣ್ಣು ಎರಡೂ ಒಬ್ಬರಲ್ಲೇ ಕೂಡಿದ್ದು ನಮ್ಮ ಪುಣ್ಯ. ಹೊರಗಿನವರಾಗಿದ್ದರೆ ಹೊಸ ಬಣ್ಣದ ಮುಖಕ್ಕೆ ಕೈಚಾಚುತ್ತಿದ್ದರೇನೋ.

ಒಂದು ಮುಖ ನನ್ನ ಮನೆಗೂ ಇರಲಿ ಎಂದು ಹಿಂದೊಮ್ಮೆ ಆಸೆಪಟ್ಟಿದ್ದೆ. ಸೋಮ ಕುಣಿಯುವ ಹಿರಿಯರೊಬ್ಬರ ಹಟ್ಟಿಗೆ ಹೋಗಿ ಕೇಳಿದೆ. ಬೈಯಲಿಲ್ಲ. "ಕಾಲು ತೊಳ್ಕಂಡು ಬಾರಪ್ಪ, ತೋರಿಸ್ತೀನಿ" ಎಂದರು. ಅಟ್ಟದಿಂದ ಇಳಿಸಿ, ಬಟ್ಟೆ ಬಿಚ್ಚಿ, ಬೆನ್ನು ಮೇಲಾಗಿಸಿ ಹಿಡಿದರು. ಮುಂದೆ ಎಷ್ಟು ನುಣುಪೋ ಹಿಂದೆ ಅಷ್ಟೇ ಒರಟು. ಉಳಿಯ ಏಟುಗಳು ಒಂದೊಂದಾಗಿ ಎಣಿಸುವಂತಿದ್ದವು. ಆದರೆ ಹಣೆ ತಾಗುವ ಕಡೆ, ಎರಡು ಕೆನ್ನೆಮೂಳೆ ತಾಗುವ ಕಡೆ ಮರ ಕಪ್ಪಗೆ, ಎಣ್ಣೆ ಹಚ್ಚಿದಂತೆ ಮಿರುಗುತ್ತಿತ್ತು.

"ಇದು ನಮ್ಮಪ್ಪುಂದು, ಅವರಪ್ಪುಂದು ಬೆವರು" ಎಂದರು. "ಮುಂದ್ಕೆ ಬಣ್ಣ ಹೊಡಿತೀವಿ. ಇಲ್ಲಿಗೆ ಯಾರೂ ಹೊಡಿಯಲ್ಲ."

ಆಮೇಲೆ ನಾನು ಏನನ್ನೂ ಕೇಳಲಿಲ್ಲ. ಅವರು ಮುಖವನ್ನು ತಿರುಗಿಸಿ, ಹಣೆಗೊತ್ತಿಕೊಂಡು, ಬಟ್ಟೆ ಸುತ್ತಿದರು.