ಅರ್ಧ ಆಂಟೆನಾ ಕಾರಿನ ತಗಡಿನಲ್ಲಿದೆ

ಕಾರಿಗೆ ವೈರ್‌ಲೆಸ್ ಸೆಟ್ ಕೂರಿಸುವವರು ಸೆಟ್ಟಿನ ಆಯ್ಕೆಗೆ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಎಷ್ಟು ವಾಟ್, ಎಷ್ಟು ಚಾನೆಲ್, ಯಾವ ಕಂಪನಿ ಎಂದು ನಾಲ್ಕು ಜನರನ್ನು ಕೇಳುತ್ತಾರೆ. ಆಂಟೆನಾದ ಮಾತು ಬಂದಾಗ ಮಾತ್ರ ‘ಮ್ಯಾಗ್ನೆಟ್ ಇದೆಯಲ್ಲ, ಮೇಲೆ ಅಂಟಿಸಿಬಿಡಿ’ ಎಂದು ಕೈತೊಳೆದುಕೊಳ್ಳುತ್ತಾರೆ. ಹ್ಯಾಮ್‌ಗಳೆಂಬ ಹವ್ಯಾಸಿ ರೇಡಿಯೊದವರಲ್ಲೂ ಟ್ಯಾಕ್ಸಿ, ಲಾರಿ ನಡೆಸುವವರಲ್ಲೂ ಬೇರೂರಿರುವ ಈ ರೂಢಿಯನ್ನು ನಿಷ್ಠುರವಾಗಿ ಅಳೆದು ನೋಡಬೇಕಾಗಿದೆ. ಸೆಟ್ಟಿನಲ್ಲಿ ಹುಟ್ಟಿದ ಶಕ್ತಿ ಗಾಳಿಗೆ ಸೇರುವುದೋ ಇಲ್ಲವೋ ಎಂಬುದು ಇತ್ಯರ್ಥವಾಗುವುದು ವಾಹನದ ರೂಫಿನ ಮೇಲೆ.

ಮೊದಲು ತಿಳಿಯಬೇಕಾದ ವಿಷಯವೊಂದಿದೆ. ಕಣ್ಣಿಗೆ ಕಾಣುವ ಕಡ್ಡಿ ಪೂರ್ತಿ ಆಂಟೆನಾ ಅಲ್ಲ. ಭಾರತದ ಹ್ಯಾಮ್‌ಗಳಿಗೆ ಸಿಕ್ಕಿರುವ 144ರಿಂದ 146 ಮೆಗಾಹರ್ಟ್ಸ್ ಪಟ್ಟಿಯನ್ನೇ ತೆಗೆದುಕೊಳ್ಳಿ. 145 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 2.07 ಮೀಟರ್. ಕಾಲು ಅಲೆಯ ಕಡ್ಡಿ ಎಂದರೆ, ಲೋಹದ ಲೆಕ್ಕಕ್ಕೆ ತುಸು ಕಡಿತ ಮಾಡಿ, ಸುಮಾರು 49 ಸೆಂಟಿಮೀಟರ್. ಆ ಕಡ್ಡಿಗೆ ಜೊತೆಯಾಗಿ ಕೆಲಸ ಮಾಡುವ ಇನ್ನರ್ಧ, ಬುಡದ ಸುತ್ತಲಿನ ತಗಡು. ಕಡ್ಡಿಯಲ್ಲಿ ಹರಿಯುವ ಕರೆಂಟಿಗೆ ಸಮನಾದ ಕರೆಂಟು ಆ ತಗಡಿನಲ್ಲೂ ಹರಡಬೇಕು. ನಾಲ್ಕೂ ದಿಕ್ಕಿಗೆ ಅರ್ಧ ಮೀಟರಿನಷ್ಟು ಲೋಹ ಸಿಗುವ ಜಾಗ ವಾಹನದಲ್ಲಿ ಒಂದೇ: ರೂಫಿನ ನಡುಮಧ್ಯ.

ಪೊಲೀಸ್ ರೇಡಿಯೊದ ಚರಿತ್ರೆ ಇಲ್ಲಿ ನೆನಪಿಗೆ ಬರುತ್ತದೆ. 1928ರಲ್ಲಿ ಅಮೆರಿಕದ ಡೆಟ್ರಾಯ್ಟ್ ಪೊಲೀಸರು ಗಸ್ತು ಕಾರುಗಳಿಗೆ ರೇಡಿಯೊ ಕೂರಿಸಿದಾಗ ಕಾರಿನವರು ಕೇಳಬಹುದಿತ್ತೇ ಹೊರತು ಮರುಮಾತು ಆಡುವಂತಿರಲಿಲ್ಲ. ಎರಡೂ ಕಡೆಯಿಂದ ಮಾತಾಡುವ ಪೊಲೀಸ್ ರೇಡಿಯೊ ಬಂದದ್ದು 1933ರಲ್ಲಿ, ನ್ಯೂಜೆರ್ಸಿಯ ಬೇಯೋನ್ ಪಟ್ಟಣದಲ್ಲಿ. ಕೇಳುವಷ್ಟೇ ಕೆಲಸವಿದ್ದಾಗ ಆಂಟೆನಾ ಹೇಗಿದ್ದರೂ ನಡೆಯುತ್ತಿತ್ತು, ಏಕೆಂದರೆ ಶಕ್ತಿಯ ಹೊಣೆಯೆಲ್ಲ ಠಾಣೆಯ ದೊಡ್ಡ ಟ್ರಾನ್ಸ್‌ಮಿಟರಿನದು. ಕಾರು ಉತ್ತರ ಕೊಡತೊಡಗಿದ ಮೇಲೆ ಅದರ ಸಣ್ಣ ಶಕ್ತಿಯ ಒಂದೊಂದು ಪಾಲೂ ಮುಖ್ಯವಾಯಿತು. ಆ ಕಾಲದ ಹೆಚ್ಚಿನ ಕಾರುಗಳ ರೂಫಿನ ನಡುಭಾಗ ಬಟ್ಟೆಯದಾಗಿತ್ತು. ಜನರಲ್ ಮೋಟಾರ್ಸ್ ಇಡಿಯ ಉಕ್ಕಿನ ರೂಫು ತಂದದ್ದು 1935ರ ಮಾದರಿಗಳಲ್ಲಿ. ಆಂಟೆನಾಕ್ಕೆ ಹೇಳಿ ಮಾಡಿಸಿದ ನೆಲ ಹಾಗೆ ಸಿಕ್ಕಿತು. ಈಗ ಗಾಜಿನ ಸನ್‌ರೂಫು ಅದನ್ನೇ ಕಿತ್ತುಕೊಳ್ಳುತ್ತಿದೆ. ವಾಹನ ಕೊಳ್ಳುವ ಮೊದಲೇ ಆಂಟೆನಾದ ಬಗ್ಗೆ ಯೋಚಿಸಬೇಕೆನ್ನಲು ಇದೂ ಒಂದು ಕಾರಣ.

ಈಗ ಚಾಲ್ತಿಯಲ್ಲಿರುವ ಮೂರು ವಿಧಾನಗಳನ್ನು ನೋಡೋಣ. ಮ್ಯಾಗ್ನೆಟ್ ಬುಡದ ದೊಡ್ಡ ಗುಣ, ಎರಡು ನಿಮಿಷದಲ್ಲಿ ಕೂರುತ್ತದೆ, ಎರಡು ನಿಮಿಷದಲ್ಲಿ ಏಳುತ್ತದೆ. ಕಾರ್ ರ‍್ಯಾಲಿಗೆ ಸಂಪರ್ಕ ಒದಗಿಸಲು ಹೊರಟ ಹ್ಯಾಮ್‌ಗೆ, ಪ್ರವಾಹದ ಊರಿಗೆ ಯಾರದೋ ಜೀಪಿನಲ್ಲಿ ಧಾವಿಸುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಮೇಲೆ ಹೇಳಿದ 144 ಮೆಗಾಹರ್ಟ್ಸ್ ಪಟ್ಟಿ ಸೇರುವ ವಿಎಚ್‌ಎಫ್‌ನಲ್ಲಿ ಅದರ ಕೆಲಸದಲ್ಲೂ ಮೋಸವಿಲ್ಲ. ಮ್ಯಾಗ್ನೆಟ್ಟಿನ ತಳಕ್ಕೂ ತಗಡಿಗೂ ನಡುವೆ ಇರುವ ತೆಳು ಪೇಂಟಿನ ಪದರ ಕೆಪಾಸಿಟರಿನಂತೆ ವರ್ತಿಸಿ ಕರೆಂಟಿಗೆ ದಾರಿ ಬಿಡುತ್ತದೆ. ಆದರೆ 27 ಮೆಗಾಹರ್ಟ್ಸ್‌ನ ಸಿಟಿಜನ್ ಬ್ಯಾಂಡಿನಂಥ ಕೆಳಗಿನ ಆವರ್ತನಗಳಿಗೆ ಇಳಿದಂತೆ ಈ ದಾರಿ ಕಿರಿದಾಗುತ್ತದೆ.

ತಾತ್ಕಾಲಿಕ ವ್ಯವಸ್ಥೆಯನ್ನು ಕಾಯಂ ಮಾಡಿದಾಗ ಮ್ಯಾಗ್ನೆಟ್ಟಿನ ದೋಷಗಳು ಒಂದೊಂದಾಗಿ ತಲೆ ಎತ್ತುತ್ತವೆ. ತಳದಲ್ಲಿ ಸೇರಿದ ಧೂಳು ಪೇಂಟನ್ನು ಉಜ್ಜುತ್ತದೆ, ಮಳೆಗಾಲದಲ್ಲಿ ಅಲ್ಲೇ ತೇವ ನಿಲ್ಲುತ್ತದೆ, ಮುಂದೆ ತುಕ್ಕು. ಇನ್ನೂ ಕೆಟ್ಟದ್ದು ಕೇಬಲ್ಲಿನ ಪಾಡು. ಬಾಗಿಲಿನ ಬೀಡಿಂಗಿನ ಸಂದಿಯಲ್ಲಿ ಕೇಬಲ್ ತೂರಿಸಿ ಪ್ರತಿಸಲ ಬಾಗಿಲು ಬಡಿದರೆ ಒಳಗಿನ ತಂತಿ, ಹೊರಗಿನ ಹೆಣಿಗೆ ಎರಡೂ ಜಜ್ಜಿಹೋಗುತ್ತವೆ. ಹೊರಗಿಂದ ಕೇಬಲ್ ಚೆನ್ನಾಗಿಯೇ ಕಾಣುತ್ತದೆ. ಒಳಗೆ ನೀರು ಸೇರಿ ತಾಮ್ರ ಕಪ್ಪಾಗಿರುತ್ತದೆ. ಸೆಟ್ಟಿನ ಮೇಲೆ ಅಪವಾದ ಬರುವುದು ಅನೇಕ ಸಲ ಈ ಜಜ್ಜಿದ ಕೇಬಲ್ಲಿನಿಂದ.

ಎರಡನೆಯದು ಬಾನೆಟ್ಟಿನ ಅಥವಾ ಡಿಕ್ಕಿಯ ಅಂಚಿಗೆ ಕಚ್ಚಿಸುವ ಕ್ಲಾಂಪ್. ತೂತಿಲ್ಲ, ಬೀಳುವ ಭಯವೂ ಕಡಿಮೆ ಎಂದು ಇದನ್ನು ಹೊಗಳುವವರಿದ್ದಾರೆ. ಆದರೆ ಕಡ್ಡಿ ಒಂದು ಮೂಲೆಗೆ ಸರಿದ ಕೂಡಲೇ ಪ್ರಸಾರವೂ ವಾಲುತ್ತದೆ. ಹೆಚ್ಚು ತಗಡು ಯಾವ ಕಡೆಗಿದೆಯೋ ಆ ದಿಕ್ಕಿಗೆ ಜೋರು, ಉಳಿದ ಕಡೆಗೆ ಸೊರಗು. ತಿರುವುಗಳ ಘಾಟಿ ರಸ್ತೆಯಲ್ಲಿ ಗಾಡಿಯ ಮುಖ ತಿರುಗಿದಂತೆ ಮಾತು ಏರಿಳಿಯುತ್ತದೆ. ಬಾನೆಟ್ಟಿನ ಅಂಚಿನಲ್ಲಿರುವ ಆಂಟೆನಾ ಗಾಜಿನ ಮೂಲಕ ಒಳಗೆ ಕೂತವರ ಮೇಲೂ ತನ್ನ ಶಕ್ತಿಯ ಪಾಲು ಚೆಲ್ಲುತ್ತದೆ. ರೂಫಿನ ಮಧ್ಯದಲ್ಲಿದ್ದರೆ ತಗಡೇ ಅವರಿಗೆ ತಡೆ. 50 ವಾಟಿನ ಸೆಟ್ ಇಟ್ಟುಕೊಂಡವರು ಇದನ್ನು ಕಡೆಗಣಿಸಬಾರದು.

ಮೂರನೆಯದು ತೂತು ಕೊರೆದು ಕೂರಿಸುವುದು. ವೃತ್ತಿನಿರತರು ಎನ್‌ಎಂಒ ಎಂದು ಕರೆಯುವ ಬುಡಕ್ಕೆ ಮುಕ್ಕಾಲು ಇಂಚಿನ, ಅಂದರೆ 19 ಮಿಲಿಮೀಟರಿನ ತೂತು ಬೇಕು. ಹೊಸ ಗಾಡಿಗೆ ಡ್ರಿಲ್ ಹಿಡಿಯುವುದೆಂದರೆ ಎಂಥವರಿಗೂ ಎದೆ ನಡುಗುತ್ತದೆ. ಆದರೂ ಅಚ್ಚುಕಟ್ಟಾಗಿ ಮಾಡಿದ ಈ ಕೆಲಸಕ್ಕೆ ಸಾಟಿಯಾದದ್ದು ಬೇರೆ ಇಲ್ಲವೆಂದೇ ನನ್ನ ನಿಲುವು.

ಅಚ್ಚುಕಟ್ಟು ಎಂದರೇನು ಎಂಬುದನ್ನು ಹತ್ತಿರದಿಂದ ನೋಡಬೇಕು. ಒಳ್ಳೆಯ ಕೆಲಸಗಾರ ಮೊದಲು ಡ್ರಿಲ್ ಮುಟ್ಟುವುದಿಲ್ಲ. ಒಳಗಿನ ರೂಫ್ ಲೈನಿಂಗನ್ನು ಇಳಿಸುತ್ತಾನೆ. ರೂಫಿಗೆ ಆಸರೆಯಾದ ಅಡ್ಡಪಟ್ಟಿ ಎಲ್ಲಿದೆ, ಲೈಟಿನ ವೈರು ಎಲ್ಲಿ ಹಾದಿದೆ, ಪಕ್ಕದ ಕರ್ಟನ್ ಏರ್‌ಬ್ಯಾಗ್ ಎಲ್ಲಿ ಮಡಚಿ ಕೂತಿದೆ ಎಂದು ನೋಡಿಕೊಳ್ಳುತ್ತಾನೆ. ಏರ್‌ಬ್ಯಾಗ್ ಬಿಚ್ಚುವ ದಾರಿಗೆ ಕೇಬಲ್ ಅಡ್ಡ ಬಂದರೆ ಅಪಘಾತದ ಹೊತ್ತಿನಲ್ಲಿ ಅದು ಜೀವಕ್ಕೇ ಎರವಾಗಬಹುದು. ಕಂಬದ ಒಳಗೆ ಕೇಬಲ್ ಇಳಿಸುವಾಗ ಅದನ್ನು ಏರ್‌ಬ್ಯಾಗಿನ ಹಿಂದಕ್ಕೆ ಹಾಯಿಸಲೇಬೇಕು. ಆಮೇಲೆ ಮೇಲ್ಗಡೆ ಟೇಪು ಅಂಟಿಸಿ ನಡುಬಿಂದು ಗುರುತಿಸಿ, ತಗಡು ದಾಟಿದ ಕೂಡಲೇ ನಿಲ್ಲುವಂಥ ಹೋಲ್‌ಸಾದಿಂದ ಕೊರೆಯುತ್ತಾನೆ. ಉದುರಿದ ಕಬ್ಬಿಣದ ಚೂರುಗಳನ್ನು ಒಂದೂ ಬಿಡದೆ ಆಗಲೇ ತೆಗೆಯುತ್ತಾನೆ, ಬಿಟ್ಟರೆ ಪೇಂಟಿನ ಮೇಲೆ ತುಕ್ಕಿನ ಚುಕ್ಕೆ ಏಳುತ್ತವೆ. ತೂತಿನ ಕೆಳಮೈಯಲ್ಲಿ, ಬುಡದ ಹಲ್ಲು ಕಚ್ಚುವಷ್ಟು ಜಾಗದಲ್ಲಿ ಮಾತ್ರ ಪೇಂಟು ಕೆರೆದು ಬರಿ ಲೋಹ ತೆರೆಯುತ್ತಾನೆ. ಮೇಲ್ಮೈ ಪೇಂಟನ್ನು ಮುಟ್ಟುವುದಿಲ್ಲ, ನೀರು ತಡೆಯುವ ರಬ್ಬರ್ ಉಂಗುರ ಕೂರುವುದು ಅಲ್ಲಿ. ಕತ್ತರಿಸಿದ ಅಂಚಿಗೆ ಪ್ರೈಮರ್ ಹಚ್ಚುತ್ತಾನೆ. ಇಷ್ಟೂ ನಡೆದರೆ ತೂತಿನಿಂದ ಒಂದು ಹನಿಯೂ ಸೋರುವುದಿಲ್ಲ. ಸೋರುವ ರೂಫುಗಳನ್ನು ಕಂಡಲ್ಲಿ ದೋಷ ತೂತಿನದಲ್ಲ, ಅವಸರದ ಕೈಯದು.

ಕೆಲಸ ಮುಗಿದ ಮೇಲೆ, ಆಂಟೆನಾದಿಂದ ಹಿಂದಿರುಗುವ ಶಕ್ತಿಯನ್ನು ತೋರಿಸುವ ಎಸ್‌ಡಬ್ಲ್ಯುಆರ್ ಮೀಟರ್ ಹಚ್ಚಿ ಕಡ್ಡಿಯನ್ನು ಒಂದೆರಡು ಮಿಲಿಮೀಟರಿನಂತೆ ಕತ್ತರಿಸಿ ಹೊಂದಿಸುವುದು ವಾಡಿಕೆ. ಮೀಟರ್ 2 ತೋರಿಸಿದರೆ ಶಕ್ತಿಯಲ್ಲಿ ಶೇ 11ರಷ್ಟು ಹಿಂದಿರುಗುತ್ತಿದೆ ಎಂದರ್ಥ, 3 ತೋರಿಸಿದರೆ ಶೇ 25. ಆದರೆ ಮೀಟರಿನ ಒಳ್ಳೆಯ ಅಂಕಿಯನ್ನೇ ಆಂಟೆನಾದ ಯೋಗ್ಯತಾಪತ್ರ ಎಂದು ನಂಬುವುದು ತಪ್ಪು. ಶಕ್ತಿಯನ್ನೆಲ್ಲ ಬಿಸಿಯಾಗಿ ನುಂಗುವ ಡಮ್ಮಿ ಲೋಡ್ ಕೂಡ 1 ತೋರಿಸುತ್ತದೆ. ನೀರು ಸೇರಿದ ಕೇಬಲ್ ಹಿಂದಿರುಗುವ ಶಕ್ತಿಯನ್ನೂ ತಿಂದುಹಾಕಿ ಮೀಟರಿನ ಅಂಕಿಯನ್ನು ಚೆಂದಗಾಣಿಸುತ್ತದೆ. ದೂರದ ಠಾಣೆಯವರು ‘ಸ್ಪಷ್ಟವಾಗಿ ಕೇಳುತ್ತಿದೆ’ ಎಂದರೆ ಅದೇ ನಿಜವಾದ ಪರೀಕ್ಷೆ.

ಉದ್ದನೆಯ ಕಡ್ಡಿಯ ಮೋಹದ ಬಗ್ಗೆಯೂ ಹೇಳಬೇಕು. ಅಲೆಯ ಎಂಟನೇ ಐದು ಭಾಗದ ಕಡ್ಡಿ ಕ್ಷಿತಿಜದ ಕಡೆಗೆ ಹೆಚ್ಚು ಶಕ್ತಿ ಚಾಚುತ್ತದೆ. ಬಯಲುಸೀಮೆಯ ನೇರ ಹೆದ್ದಾರಿಯಲ್ಲಿ ಅದು ಲಾಭವೇ. ಮಲೆನಾಡಿನ ಕಣಿವೆಯಲ್ಲಿದ್ದು ಬೆಟ್ಟದ ತುದಿಯಲ್ಲಿ ಮಾತನ್ನು ಹಿಡಿದು ಮರುಪ್ರಸಾರ ಮಾಡುವ ರಿಪೀಟರನ್ನು ಮುಟ್ಟಬೇಕಾದಾಗ, ಮೇಲ್ಮುಖವಾಗಿಯೂ ಧಾರಾಳವಾಗಿ ಹರಡುವ ಕಾಲು ಅಲೆಯ ಕಡ್ಡಿ ಎಷ್ಟೋ ಸಲ ಮೇಲು. ಅಲ್ಲದೆ ಒಂದೂವರೆ ಮೀಟರ್ ಎತ್ತರದ ಕಾರಿನ ಮೇಲೆ ಸುಮಾರು 1.3 ಮೀಟರಿನ ಕಡ್ಡಿ ನಿಂತರೆ ಒಟ್ಟು 2.8 ಮೀಟರ್. ಕಾಫಿ ತೋಟದ ಕೊಂಬೆಯೂ ಅಪಾರ್ಟ್‌ಮೆಂಟಿನ ಬೇಸ್‌ಮೆಂಟೂ ಅದಕ್ಕೆ ಜಾಗ ಬಿಡುವುದಿಲ್ಲ. ಅರ್ಧ ಮೀಟರಿನ ಕಡ್ಡಿ ಎರಡೂ ಕಡೆ ಬಾಗಿ ಬದುಕಿಕೊಳ್ಳುತ್ತದೆ.

ತೂತು ಕೊರೆದರೆ ಮಾರುವಾಗ ಬೆಲೆ ಬೀಳುತ್ತದೆ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಮೂರು ನಾಲ್ಕು ವರ್ಷಕ್ಕೆ ಕಾರು ಬದಲಿಸುವ ಹವ್ಯಾಸಿ ಮ್ಯಾಗ್ನೆಟ್ಟನ್ನೇ ಇಟ್ಟುಕೊಳ್ಳಲಿ. ಅದನ್ನು ರೂಫಿನ ನಡುವೆಯೇ ಇಡಲಿ, ವಾರಕ್ಕೊಮ್ಮೆ ಎತ್ತಿ ಒರೆಸಲಿ, ಕೇಬಲ್ಲನ್ನು ಹಿಂಬಾಗಿಲಿನ ಕೆಳಗಡೆಯಿಂದ ಹಾಯಿಸಲಿ. ಆದರೆ ಕಾಡಿನ ಗಸ್ತು ಜೀಪು, ಆಂಬುಲೆನ್ಸು, ಅಗ್ನಿಶಾಮಕ ವಾಹನ, ಪೊಲೀಸ್ ಗಾಡಿಗಳ ಲೆಕ್ಕ ಬೇರೆ. ಅವು ಮರುಮಾರಾಟದ ಬೆಲೆಗಾಗಿ ಓಡುವುದಿಲ್ಲ. ಮೊಬೈಲ್ ಸಿಗ್ನಲ್ ಸತ್ತುಹೋಗುವ ಜಾಗದಲ್ಲಿ ಒಬ್ಬ ಗಾರ್ಡ್ ನೆರವು ಕೇಳಿದಾಗ ಅವನ ಮಾತು ದಾಟಬೇಕು. ಅಂಥ ವಾಹನಗಳಲ್ಲಿ ರೂಫಿನ ಮಧ್ಯದ ಕಾಯಂ ಬುಡ ಕಡ್ಡಾಯವಾಗಲಿ. ಖರೀದಿಯ ಟೆಂಡರಿನಲ್ಲೇ ಆಂಟೆನಾದ ಜಾಗ, ಕೇಬಲ್ಲಿನ ದಾರಿ, ಬ್ಯಾಟರಿಯಿಂದ ನೇರ ಫ್ಯೂಸ್ ಹಾಕಿದ ಲೈನು ಬರೆದಿರಲಿ. ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಕನೆಕ್ಟರ್ ಬಿಚ್ಚಿ ನೋಡುವ ಹೊಣೆಯನ್ನು ಒಬ್ಬರ ಹೆಸರಿಗೆ ವಹಿಸಲಿ. ಸೆಟ್ಟಿನ ಬೆಲೆಯ ಎದುರು ಈ ಖರ್ಚು ಬಲು ಸಣ್ಣದು. ಇದನ್ನು ಮಾಡದೆ ಕೊಂಡ ದುಬಾರಿ ಸೆಟ್ಟು ಅರ್ಧ ಕೊಂಡಂತೆ.