ಒಂದನ್ನು ಒತ್ತಿ, ಎರಡನ್ನು ಒತ್ತಿ, ಕಾಯುತ್ತಿರಿ

ಯಾವುದಾದರೂ ದೊಡ್ಡ ಲ್ಯಾಬಿಗೆ ಫೋನ್ ಮಾಡಿ ನೋಡಿ. ಮೊದಲು ಭಾಷೆ ಕೇಳುತ್ತದೆ. ಆಮೇಲೆ ಅಪಾಯಿಂಟ್‌ಮೆಂಟ್‌ಗೆ ಒಂದು, ರಿಪೋರ್ಟಿಗೆ ಎರಡು, ಬಿಲ್ಲಿಗೆ ಮೂರು. ಬೆಳಿಗ್ಗೆ ರಕ್ತ ಕೊಟ್ಟು ಬಂದವರಿಗೆ ಸಂಜೆಯಾದರೂ ರಿಪೋರ್ಟ್ ಬಂದಿಲ್ಲ. ಬಾಕಿ ಹಣಕ್ಕಾಗಿ ತಡೆಹಿಡಿದಿದ್ದಾರೋ ಏನೋ ತಿಳಿಯದು. ಅವರು ಎರಡನ್ನು ಒತ್ತಬೇಕೋ, ಮೂರನ್ನೋ? ಮೆನು ಬರೆದವರು ತಮ್ಮ ಕಚೇರಿಯಲ್ಲಿ ಯಾವ ಯಾವ ವಿಭಾಗಗಳಿವೆ ಎಂದು ನೋಡಿಕೊಂಡರೇ ಹೊರತು ಜನ ಏನು ಕೇಳಲು ಫೋನ್ ಮಾಡುತ್ತಾರೆ ಎಂದು ನೋಡಲಿಲ್ಲ.

ಹೀಗೆ ಮೆನು ಓದಿ ಅಂಕಿ ಒತ್ತಿಸುವ ಐವಿಆರ್ ಎಂದರೆ ಸಾಮಾನ್ಯವಾಗಿ ಜನ ಬೈಯುವುದು ಅದರ ನಿರ್ಜೀವ ದನಿಯನ್ನು. ನನಗೆ ಆ ದನಿಯ ಮೇಲೆ ಸಿಟ್ಟಿಲ್ಲ. ಕರೆ ತಿರುಗಿಸುವ ಕೆಲಸ ಯಂತ್ರಕ್ಕೆ ಹೋದದ್ದೇ ಮನುಷ್ಯರ ಮೇಲಿನ ಅಪನಂಬಿಕೆಯಿಂದ. ಅಮೆರಿಕದ ಆಲ್ಮನ್ ಸ್ಟ್ರೌಜರ್ ಶವಸಂಸ್ಕಾರದ ಏರ್ಪಾಡು ಮಾಡುವ ವ್ಯಾಪಾರಿ. ತನಗೆ ಬರಬೇಕಾದ ಕರೆಗಳನ್ನು ಎಕ್ಸ್‌ಚೇಂಜಿನ ಆಪರೇಟರ್ ಎದುರಾಳಿಯ ಅಂಗಡಿಗೆ ಜೋಡಿಸುತ್ತಿದ್ದಾಳೆಂಬ ಗುಮಾನಿ ಅವನಿಗಿತ್ತು ಎನ್ನುತ್ತಾರೆ. ಆಪರೇಟರೇ ಬೇಡದ ಸ್ವಿಚ್ಚಿಗೆ 1891ರಲ್ಲಿ ಪೇಟೆಂಟ್ ಪಡೆದ. ಮರುವರ್ಷ ಇಂಡಿಯಾನಾದ ಲಾ ಪೋರ್ಟ್ ಊರಿನಲ್ಲಿ ಅದು ಕೆಲಸ ಶುರುಮಾಡಿತು. ಹಿಂದೆ ಆಪರೇಟರ್ ಇದ್ದಾಗಲೇ ಚೆನ್ನಾಗಿತ್ತು ಎನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ನನ್ನ ತಕರಾರು ಇರುವುದು ಮೆನುವಿನ ಕವಲುಗಳ ಬಗ್ಗೆ. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಗಣಿತಜ್ಞ ಎರ್ಲಾಂಗ್, ಎಷ್ಟು ಕರೆಗೆ ಎಷ್ಟು ಜನ ಬೇಕು, ಆಗ ಕಾಯುವಿಕೆ ಎಷ್ಟು ಎಂಬುದಕ್ಕೆ 1917ರಲ್ಲೇ ಸೂತ್ರ ಕೊಟ್ಟ. ಅದನ್ನು ನಮ್ಮ ಲ್ಯಾಬಿಗೆ ಹಾಕಿ ನೋಡೋಣ. ಮೂರು ವಿಭಾಗ, ಒಂದೊಂದರಲ್ಲಿ ಇಬ್ಬರು. ಪ್ರತಿ ವಿಭಾಗಕ್ಕೂ ಗಂಟೆಗೆ 22–23 ಕರೆ, ಕರೆಗೆ ಸರಾಸರಿ 4 ನಿಮಿಷ. ಆಗ ಫೋನ್ ಮಾಡಿದವರು ಸರಾಸರಿ 5 ನಿಮಿಷ ಕಾಯುತ್ತಾರೆ. ಅದೇ ಆರು ಜನ, ಅಷ್ಟೇ ಕರೆ, ಆದರೆ ಕವಲು ತೆಗೆದು ಎಲ್ಲರಿಗೂ ಒಂದೇ ಸಾಲು ಮಾಡಿ: ಕಾಯುವುದು ಒಂದು ನಿಮಿಷಕ್ಕಿಂತ ತುಸು ಹೆಚ್ಚು, ಅಷ್ಟೇ. ಬಿಲ್ಲಿನವರು ಸುಮ್ಮನೆ ಕೂತಿರುವಾಗಲೇ ರಿಪೋರ್ಟಿನ ಸಾಲಿನಲ್ಲಿ ಜನ ಹಾಡು ಕೇಳುತ್ತಿರುವುದು ತಪ್ಪುತ್ತದೆ. ಗ್ರಾಹಕರ ಅನುಕೂಲಕ್ಕೆಂದು ಸೇರಿಸಿದ ಪ್ರತಿ ಅಂಕಿಯೂ ಸಿಬ್ಬಂದಿಯನ್ನು ಇನ್ನಷ್ಟು ಚೂರು ಮಾಡುತ್ತದೆ.

ಬಿಲ್ಲಿನವರಿಗೆ ರಿಪೋರ್ಟ್ ಓದಲು ಬರುವುದಿಲ್ಲವಲ್ಲ ಎನ್ನಬಹುದು. ನಿಜ. ಆದರೆ ‘ರಿಪೋರ್ಟ್ ರೆಡಿಯಾ?’, ‘ಭಾನುವಾರ ತೆಗೆದಿರುತ್ತೀರಾ?’ ಎಂಬುದಕ್ಕೆ ಉತ್ತರ ಯಾರಾದರೂ ಕೊಡಬಲ್ಲರು. ನಿಜಕ್ಕೂ ಬಲ್ಲವರೇ ಬೇಕಾದ ಕರೆಯನ್ನು ಫೋನ್ ಎತ್ತಿದವರು ದಾಟಿಸಲಿ, ವಿಷಯವನ್ನೂ ಆಚೆಯವರಿಗೆ ತಿಳಿಸಿ. ‘ಒಂದ್ನಿಮಿಷ ಲೈನಲ್ಲಿರಿ’ ಎಂದು ತಳ್ಳಿಬಿಟ್ಟರೆ, ಹೆಸರು, ಬಿಲ್ ನಂಬರ್, ಕತೆ ಎಲ್ಲ ಮತ್ತೆ ಮೊದಲಿಂದ. ಭಾಷೆಯ ಕವಲು ಮಾತ್ರ ಬೇಕೇ ಬೇಕು. ಅದಕ್ಕೆ ತೆರುವ ಬೆಲೆ ಸರಿಯಾದ ಬೆಲೆಯೇ. ಅಲ್ಲೂ, ಕನ್ನಡ ಇಂಗ್ಲಿಷ್ ಎರಡನ್ನೂ ಬಲ್ಲವರನ್ನು ಒಂದೇ ಭಾಷೆಯ ಸಾಲಿಗೆ ಕಟ್ಟಿಹಾಕುವ ಬುದ್ಧಿವಂತಿಕೆ ಕಾಣಸಿಗುತ್ತದೆ.

ಕರೆ ವಿಭಾಗಕ್ಕೆ ಬಂದ ಮೇಲೆ ಯಾರ ಮೇಜಿನಲ್ಲಿ ರಿಂಗ್ ಆಗಬೇಕು? ಸಣ್ಣ ಕಚೇರಿಗಳ ಒಳಗಿನ ಫೋನುಗಳನ್ನು ಜೋಡಿಸುವ ಇಪಿಎಬಿಎಕ್ಸ್‌ನಲ್ಲಿ ಎಷ್ಟೋ ಸಲ ಎಕ್ಸ್‌ಟೆನ್ಷನ್ ಸಂಖ್ಯೆಯ ಕ್ರಮದಲ್ಲೇ ಬಿಟ್ಟಿರುತ್ತಾರೆ. 201ರವರು ದಿನವಿಡೀ ಗಂಟಲು ಹರಿದುಕೊಳ್ಳುತ್ತಾರೆ, 204ರವರಿಗೆ ಪುರುಸೊತ್ತೋ ಪುರುಸೊತ್ತು. ಎಲ್ಲ ಫೋನೂ ಒಟ್ಟಿಗೆ ಬಡಿಯಲಿ ಎಂದರೆ, ಅವರೆತ್ತುತ್ತಾರೆ ಬಿಡು ಎಂದು ಇವರು, ಇವರೆತ್ತಲಿ ಎಂದು ಅವರು. ಹೆಚ್ಚು ಹೊತ್ತು ಬಿಡುವಾಗಿರುವವರಿಗೆ ಮೊದಲ ಕರೆ ಎಂಬ ಕ್ರಮವೇ ಇದ್ದುದರಲ್ಲಿ ನ್ಯಾಯದ್ದು. ಇದಕ್ಕೆ ದುಬಾರಿ ಸಲಕರಣೆಯೇನೂ ಬೇಡ. ಮಾರ್ಕ್ ಸ್ಪೆನ್ಸರ್ 1999ರಲ್ಲಿ ಶುರುಮಾಡಿದ ಆಸ್ಟರಿಸ್ಕ್‌ನಂಥ ಉಚಿತ ತಂತ್ರಾಂಶದಲ್ಲೂ ಇಂಥ ಆಯ್ಕೆಗಳು ಹಲವಾರಿವೆ. ಬದಲಿಸುವವರು ಬೇಕಷ್ಟೆ.

ಯಾವ ವ್ಯವಸ್ಥೆಯ ನಿಜವಾದ ಪರೀಕ್ಷೆಯೂ ಯಾರೂ ಎತ್ತದಿದ್ದಾಗ ನಡೆಯುತ್ತದೆ. ಮಧ್ಯಾಹ್ನ ಒಂದೂವರೆಗೆ ಆರರಲ್ಲಿ ನಾಲ್ವರು ಊಟಕ್ಕೆ ಹೋಗಿರುತ್ತಾರೆ. ಕರೆ ಮೊದಲ ಮೆನುವಿಗೇ ಮರಳುತ್ತದೆ, ಇಲ್ಲವೇ ಕಡಿದುಹೋಗುತ್ತದೆ. ಟೆಲಿಕಾಂ ಕಂಪನಿಗಳಿಗಾದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2012ರ ನಿಯಮಗಳಲ್ಲಿ, ಮೂರನೇ ಹಂತದೊಳಗೆ ಮನುಷ್ಯರ ಜತೆ ಮಾತಾಡುವ ಆಯ್ಕೆ ಇರಲೇಬೇಕೆಂದು ಗೆರೆ ಎಳೆದಿದೆ. ಆ ನಿಯಮ ಲ್ಯಾಬು, ಶೋರೂಮುಗಳಿಗೆ ಅನ್ವಯಿಸುವುದಿಲ್ಲ. ಮಾಲೀಕರಿಗಂತೂ ಪರಿಚಿತರೆಲ್ಲ ನೇರ ಮೊಬೈಲಿಗೇ ಮಾಡುವುದರಿಂದ ತಮ್ಮದೇ ಮೆನು ಕಿವಿಗೆ ಬೀಳುವುದು ಅಪರೂಪ. ಎತ್ತದೆ ಹೋದ ಕರೆಗಳ ಸಂಖ್ಯೆ, ವೇಳೆ ಎಲ್ಲವೂ ಸಿಸ್ಟಮ್ಮಿನಲ್ಲಿ ದಾಖಲಾಗಿರುತ್ತವೆ. ಸಂಜೆ ಆ ಪಟ್ಟಿ ತೆಗೆದು ಒಬ್ಬೊಬ್ಬರಿಗೂ ವಾಪಸ್ ಫೋನ್ ಮಾಡುವ ಕೆಲಸ ಯಾರದೆಂದು ಹೆಚ್ಚಿನ ಕಚೇರಿಗಳಲ್ಲಿ ಗೊತ್ತುಮಾಡಿಯೇ ಇರುವುದಿಲ್ಲ.